ನರಿ ಇರಲಿ, ಕೋಳಿಯೂ ಇರಲಿ

ಚಿಕ್ಕಬಾಣಾವರದ ಸುತ್ತ ಲೇಔಟುಗಳು ಎದ್ದ ಮೇಲೆ ನರಿ ಎಲ್ಲಿಂದಲೋ ಬಂತು ಅಂತಾರೆ ಕೆಲವರು. ಅದು ಮೊದಲಿಂದ ಇಲ್ಲೇ ಇದ್ದದ್ದು. ಹೆಸರಘಟ್ಟದ ಹುಲ್ಲುಗಾವಲು, ಕೆರೆ ಅಂಗಳದ ಜಾಲಿ ಪೊದೆ ಅದರ ಮನೆ. ಇಲಿ, ಏಡಿ, ಬಿದ್ದ ಹಣ್ಣು, ಸತ್ತ ದನ ಅದರ ಊಟ. ರಾಗಿ ಬೆಳೆಯೋನಿಗೆ ಇಲಿ ತಿನ್ನೋ ಪ್ರಾಣಿ ಶತ್ರುವಲ್ಲ. ಆದರೆ ಕೋಳಿ, ಎಳೇ ಮರಿ ಸಿಕ್ಕರೆ ಬಿಡೋದಿಲ್ಲ.

ಮೊದಲು ಕಳ್ಳ ಯಾರು ಅಂತ ನೋಡಿ. ನರಿ ಸಾಮಾನ್ಯವಾಗಿ ಒಂದನ್ನು ಕಚ್ಚಿಕೊಂಡು ಪೊದೆ ಸೇರುತ್ತೆ. ಬೀದಿನಾಯಿ ಗುಂಪು ನುಗ್ಗಿದರೆ ನಾಲ್ಕೈದು ಕುರಿ ಹರಿದು ಬಿದ್ದಿರ್ತವೆ, ತಿಂದಿರೋದು ಕಮ್ಮಿ. ದೊಡ್ಡ ಕುರಿಯನ್ನೇ ಎಳೆದೊಯ್ದಿದ್ದರೆ ಚಿರತೆ ಇರಬಹುದು. ಹೆಣ ಅಲುಗಿಸದೆ ಅರಣ್ಯ ಇಲಾಖೆಗೆ ತಿಳಿಸಿ.

ನರಿ ಹೊರಡೋದು ಮುಸ್ಸಂಜೆಗೆ. ನಮ್ಮಲ್ಲಿ ಬೆಳಕಿರುವಾಗಲೇ ಕೋಳಿ ಗೂಡಿಗೆ, ಮರಿ ರೊಪ್ಪಕ್ಕೆ. ನೆಲ ಕೆರೆದು ನುಗ್ಗುವ ಪ್ರಾಣಿಯಾದ್ದರಿಂದ ತಂತಿ ಬಲೆಯನ್ನು ಒಂದಡಿ ಮಣ್ಣೊಳಗೆ ಹೂತಿದ್ದೇನೆ. ಕೋಳಿ ಕರುಳು, ಪುಕ್ಕ ಬೇಲಿ ಪಕ್ಕ ಎಸೆದರೆ ನಾವೇ ಕರೆದು ಊಟಕ್ಕೆ ಹಾಕಿದಂಗೆ. ರಾತ್ರಿ ಕೆರೆ ಏರಿ ಮೇಲೆ ಮಾಂಸದ ಚೀಲ ಸುರಿಯೋರಿಗೆ ಇದನ್ನ ಯಾರು ಹೇಳೋದು!

ಉರುಲು, ವಿಷ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಜೊತೆಗೆ ಆ ವಿಷ ನಮ್ಮ ನಾಯಿಯೂ ತಿನ್ನುತ್ತೆ. ನರಿಕೊಂಬು ಮಾರೋರನ್ನೂ ನಂಬಬೇಡಿ, ನರಿಗೆ ಕೊಂಬೇ ಇಲ್ಲ.

ಹಗಲಲ್ಲೇ ಹೆದರದೆ ತೂರಾಡುತ್ತಾ ಮೇಲೆ ಬರೋ ನರಿಗೆ ಹುಚ್ಚು ಹಿಡಿದಿರಬಹುದು. ಕಚ್ಚಿದರೆ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ ಮೆತ್ತಬೇಡಿ. ದನಕ್ಕೆ ಕಚ್ಚಿದರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕಾವಲು ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ.