ನಿಮಗಿದು ಗೊತ್ತೆ? ಶಿಲ್ಪ ಕಾಯುವ ಕ್ಯುರೇಟರ್

ವಸ್ತುಸಂಗ್ರಹಾಲಯದಲ್ಲಿ ಶಿಲ್ಪ ಮತ್ತು ಅಲಂಕಾರಿಕ ಕಲಾವಸ್ತುಗಳ ಹೊಣೆ ಹೊತ್ತವರು ಕ್ಯುರೇಟರ್. ಒಳಬಂದ ವಸ್ತುವನ್ನು ಅಳೆದು, ಫೋಟೊ ತೆಗೆದು, ಸಿಕ್ಕ ಜಾಗದ ಸಮೇತ ದಾಖಲೆ ಪುಸ್ತಕದಲ್ಲಿ ಬರೆಯುವುದು ಅವರ ಮೊದಲ ಕೆಲಸ. ಬಳಿಕ ಕಣ್ಣಿಗೆ ಬೀಳದ ಬದಿಯಲ್ಲಿ, ಬೇಕಾದಾಗ ತೆಗೆಯಬಹುದಾದ ವಾರ್ನಿಶ್ ಪದರದ ಮೇಲೆ ಅದರ ಸಂಖ್ಯೆ ಬರೆಯುತ್ತಾರೆ. ಸಿಕ್ಕ ಜಾಗ ತಿಳಿಯದ ಶಿಲ್ಪ ಎಷ್ಟೇ ಚೆಂದವಿದ್ದರೂ ಇತಿಹಾಸಕಾರನ ಪಾಲಿಗೆ ಅರ್ಧ ಮೂಕ.

ಕಲ್ಲಿನ ಮೇಲೇ ಬರಹವಿದ್ದರೆ ಕೆಲಸ ಹಗುರ. ಶಹಾಪುರ ತಾಲ್ಲೂಕಿನ ಎದುರು, ಭೀಮಾ ನದಿಯ ಆಚೆ ದಡದಲ್ಲಿ ಸನ್ನತಿ–ಕನಗನಹಳ್ಳಿ ಇದೆ. 1990ರ ದಶಕದ ಉತ್ಖನನದಲ್ಲಿ ಅಲ್ಲಿನ ಸ್ತೂಪದಲ್ಲಿ ಸಿಕ್ಕ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಜ, ರಾಣಿ, ಛತ್ರ–ಚಾಮರ ಹಿಡಿದ ಸ್ತ್ರೀಯರಿದ್ದಾರೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದಿದೆ. ಆ ರಾಜ ಅಶೋಕನೆಂದು ತಿಳಿದದ್ದು ಈ ಎರಡು ಪದಗಳಿಂದ. ಇಂಥ ಫಲಕವನ್ನು ಶುಚಿಗೊಳಿಸುವಾಗ ಎಚ್ಚರ ಬೇಕು: ಸುಣ್ಣಕಲ್ಲು ಹುಳಿಗೆ ಕರಗುತ್ತದೆ. ಆದ್ದರಿಂದ ಮನೆಯಲ್ಲಿ ಹಿತ್ತಾಳೆ ಬೆಳಗಲು ಬಳಸುವ ಹುಣಸೆಹಣ್ಣನ್ನು ಇಂಥ ಶಿಲ್ಪಕ್ಕೆ ಮುಟ್ಟಿಸುವಂತಿಲ್ಲ. ಮೆತ್ತನೆಯ ಬ್ರಷ್, ಶುದ್ಧ ನೀರು ಅಷ್ಟೆ.

ಸುಣ್ಣಕಲ್ಲಿಗೆ ಹುಳಿ ವೈರಿಯಾದರೆ, ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಚಿನ್ನದ ಮೆರುಗಿನ ಕಿರುಚಿತ್ರಗಳಿಗೆ ಬೆಳಕೇ ವೈರಿ. ಕಾಗದದ ಮೇಲಿನ ಬಣ್ಣ ಮಾಸದಿರಲು ಪ್ರದರ್ಶನದ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಕಲ್ಲಿಗೆ ಈ ಕಟ್ಟುಪಾಡಿಲ್ಲ.