ಐಟಿ ಬಿಟ್ಟು ಅಮೆರಿಕದಲ್ಲಿ ನರ್ಸ್ ಆಗೋದು ಹೇಗೆ? ‘ಮಾಸ್ಟರ್ಸ್’ ಅನ್ನೋ ಪದಕ್ಕೆ ದುಡ್ಡು ಕಟ್ಟೋ ಮುಂಚೆ ಇದನ್ನು ಕೇಳಿ

(ಇವತ್ತಿನ ಎಪಿಸೋಡ್‌ನ ಅಕ್ಷರರೂಪ)

ಮೆಟ್ರೋದಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ದೂರದ ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ.

ನನಗೆ ಪದೇ ಪದೇ ಬರೋ ಮೆಸೇಜ್ ಒಂದಿದೆ. ‘ಅಕ್ಕಾ, ಬಿಇ ಮಾಡಿ ಐಟಿಯಲ್ಲಿದ್ದೀನಿ. ಈಗ ನರ್ಸಿಂಗ್‌ಗೆ ಬರಬೇಕು ಅನ್ಸ್ತಿದೆ. ಅಮೆರಿಕದಲ್ಲಿ ಡೈರೆಕ್ಟ್ ಎಂಟ್ರಿ ಮಾಸ್ಟರ್ಸ್ ಅಂತ ಇದೆಯಂತಲ್ಲ, ಸೇರಬಹುದಾ?’ ನಾನೇ ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಆಮೇಲೆ ಈ ಕೋರ್ಸ್ ಓದಿ, ಈಗ ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಹೃದಯ ರೋಗಿಗಳ ವಾರ್ಡ್‌ನಲ್ಲಿ ನೈಟ್ ಶಿಫ್ಟ್ ಮಾಡ್ತಿರೋದರಿಂದ ಈ ಪ್ರಶ್ನೆ ನನ್ನ ಹತ್ರ ಬರುತ್ತೆ. ಒಬ್ಬೊಬ್ಬರಿಗೂ ಉತ್ತರ ಬರೆಯೋ ಬದಲು ಇವತ್ತು ಪೂರ್ತಿ ಹೇಳಿಬಿಡ್ತೀನಿ.

ಇದು ನಮ್ಮಲ್ಲಿ ಯಾಕಿಲ್ಲ?

ಮೊದಲು ನಮ್ಮೂರಿನ ಲೆಕ್ಕ. ಭಾರತದಲ್ಲಿ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಸೇರಬೇಕಂದ್ರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿ ಓದಿರಬೇಕು. ಪಿಸಿಎಂಸಿ ತಗೊಂಡು ಇಂಜಿನಿಯರಿಂಗ್‌ಗೆ ಹೋದವರಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತೆ. ಎಂಎಸ್ಸಿ ನರ್ಸಿಂಗ್ ಅಂತೂ ಈಗಾಗಲೇ ನರ್ಸ್ ಆಗಿರೋರಿಗೆ ಮಾತ್ರ. ಬೇರೆ ಡಿಗ್ರಿ ಮಾಡಿದವರು ಆ ಡಿಗ್ರಿಯ ಬಲದ ಮೇಲೆ ಕಡಿಮೆ ಸಮಯದಲ್ಲಿ ನರ್ಸ್ ಆಗೋ ದಾರಿ ಇಲ್ಲಿಲ್ಲ.

ಅಮೆರಿಕದಲ್ಲಿ ಅದು ಇದೆ, ಅದೂ ಇವತ್ತು ನಿನ್ನೆಯದಲ್ಲ. ಯೇಲ್ ಯೂನಿವರ್ಸಿಟಿಯ ನರ್ಸಿಂಗ್ ಸ್ಕೂಲ್ ಬೇರೆ ವಿಷಯದ ಪದವೀಧರರಿಗಾಗಿ ಮೂರು ವರ್ಷದ ಕೋರ್ಸ್ ಶುರು ಮಾಡಿದ್ದು 1974ರಲ್ಲಿ. ನೀವು ಇಂಗ್ಲಿಷ್ ಸಾಹಿತ್ಯ ಓದಿರಿ, ಕಾಮರ್ಸ್ ಓದಿರಿ, ಇಂಜಿನಿಯರಿಂಗ್ ಓದಿರಿ, ಬ್ಯಾಚುಲರ್ಸ್ ಡಿಗ್ರಿ ಇದ್ರೆ ಅರ್ಜಿ ಹಾಕಬಹುದು. ಇದನ್ನೇ ಡೈರೆಕ್ಟ್ ಎಂಟ್ರಿ ಅಥವಾ ಎಂಟ್ರಿ ಲೆವೆಲ್ ಮಾಸ್ಟರ್ಸ್ ಅಂತಾರೆ.

‘ಡೈರೆಕ್ಟ್’ ಅಂದ ತಕ್ಷಣ ನಾಳೆಯೇ ಕ್ಲಾಸಿಗೆ ಹೋಗಿ ಕೂತ್ಕೋಬಹುದು ಅಂದ್ಕೋಬೇಡಿ. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್, ಅನೇಕ ಕಡೆ ಕೆಮಿಸ್ಟ್ರಿ, ನ್ಯೂಟ್ರಿಷನ್, ಮನುಷ್ಯನ ಬೆಳವಣಿಗೆಯ ಸೈಕಾಲಜಿ ಇವೆಲ್ಲ ಮೊದಲೇ ಪಾಸಾಗಿರಬೇಕು. ಕೆಲವದಕ್ಕೆ ಲ್ಯಾಬ್ ಸಹಿತ ಬೇಕು. ತುಂಬಾ ಹಳೆಯ ಮಾರ್ಕ್ಸ್ ಒಪ್ಪದ ಸ್ಕೂಲ್‌ಗಳೂ ಇವೆ. ನಮ್ಮ ವಿಟಿಯು ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ಯಾವುದೂ ಇರಲ್ಲ. ನಾನು ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಇವನ್ನು ಮುಗಿಸೋಕೆ ಒಂದೂವರೆ ವರ್ಷ ಹಿಡೀತು. ಕೋರ್ಸ್ ಎಷ್ಟು ತಿಂಗಳು ಅಂತ ಯಾರಾದ್ರೂ ಹೇಳಿದ್ರೆ ಅದಕ್ಕೆ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಮೂರು ದಾರಿ, ಒಂದೇ ಲೈಸೆನ್ಸ್

ಈಗ ಅಸಲಿ ವಿಷಯ. ಅಮೆರಿಕದಲ್ಲಿ ಡಿಗ್ರಿ ಇರೋ ವ್ಯಕ್ತಿ ರಿಜಿಸ್ಟರ್ಡ್ ನರ್ಸ್, ಅಂದ್ರೆ ಆರ್‌ಎನ್, ಆಗೋಕೆ ಮುಖ್ಯವಾಗಿ ಮೂರು ದಾರಿ ಇದೆ.

ಒಂದು, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಎಡಿಎನ್. ಇದು ಎಲ್ಲಕ್ಕಿಂತ ಅಗ್ಗ. ಆದ್ರೆ ಎಷ್ಟೋ ಕಡೆ ಸೀಟಿಗೆ ವೇಟಿಂಗ್ ಲಿಸ್ಟ್ ಇರುತ್ತೆ.

ಎರಡು, ಆಕ್ಸಿಲರೇಟೆಡ್ ಬಿಎಸ್‌ಎನ್. ಇದು ನಿಮ್ಮ ಎರಡನೇ ಬ್ಯಾಚುಲರ್ಸ್. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ ಮುಗಿಯುತ್ತೆ.

ಮೂರು, ಡೈರೆಕ್ಟ್ ಎಂಟ್ರಿ ಮಾಸ್ಟರ್ಸ್. ಇದರಲ್ಲೇ ಎರಡು ಜಾತಿ ಇದೆ. ಕೊಲಂಬಿಯಾ ಯೂನಿವರ್ಸಿಟಿಯ ಹದಿನೈದು ತಿಂಗಳ ಕೋರ್ಸ್ ಥರದ್ದು ನಿಮ್ಮನ್ನು ಮಾಸ್ಟರ್ಸ್ ಇರೋ ಆರ್‌ಎನ್ ಮಾಡುತ್ತೆ, ಅಷ್ಟೇ. ಯೇಲ್‌ನ ಮೂರು ವರ್ಷದ ಕೋರ್ಸ್‌ನಲ್ಲಿ ಮೊದಲ ವರ್ಷ ಆರ್‌ಎನ್‌ಗೆ ಬೇಕಾದ ಪಾಠ, ಮುಂದಿನ ಎರಡು ವರ್ಷ ನರ್ಸ್ ಪ್ರ್ಯಾಕ್ಟಿಷನರ್ ಅಥವಾ ಮಿಡ್‌ವೈಫ್ ಆಗೋ ತರಬೇತಿ. ನರ್ಸ್ ಪ್ರ್ಯಾಕ್ಟಿಷನರ್ ಅಂದ್ರೆ ರೋಗಿಯನ್ನು ಪರೀಕ್ಷೆ ಮಾಡಿ ಔಷಧಿ ಬರೆಯೋ ಅಧಿಕಾರ ಇರೋ ನರ್ಸ್. ಅದಕ್ಕೆ ಬೇರೆಯೇ ಸರ್ಟಿಫಿಕೇಷನ್ ಪರೀಕ್ಷೆ, ಬೇರೆಯೇ ಲೈಸೆನ್ಸ್. ‘ಮಾಸ್ಟರ್ಸ್ ಮುಗಿಸಿದ್ರೆ ನರ್ಸ್ ಪ್ರ್ಯಾಕ್ಟಿಷನರ್ ಆಗ್ತೀನಿ’ ಅಂದ್ಕೊಂಡು ಮೊದಲ ಜಾತಿಯ ಕೋರ್ಸ್ ಸೇರೋರು ತುಂಬಾ ಜನ. ಅದಾದ ಮೇಲೆ ಇನ್ನೂ ಎರಡು ಮೂರು ವರ್ಷ ಓದಬೇಕು ಅಂತ ಗೊತ್ತಾಗೋದು ಆಮೇಲೆ.

ಮೂರೂ ದಾರಿ ಕೊನೆಗೆ ಬಂದು ಸೇರೋದು ಒಂದೇ ಪರೀಕ್ಷೆಗೆ, ಎನ್‌ಕ್ಲೆಕ್ಸ್-ಆರ್‌ಎನ್. ಕಂಪ್ಯೂಟರ್ ಮುಂದೆ ಐದು ಗಂಟೆ ಟೈಮ್. ನಿಮ್ಮ ಉತ್ತರ ನೋಡ್ಕೊಂಡು ಅದು ಮುಂದಿನ ಪ್ರಶ್ನೆ ಆರಿಸುತ್ತೆ, 85ರಿಂದ 150 ಪ್ರಶ್ನೆಗಳವರೆಗೆ. ಎಡಿಎನ್ ಓದಿದವರಿಗೆ ಸುಲಭದ ಪೇಪರ್, ಮಾಸ್ಟರ್ಸ್‌ನವರಿಗೆ ಕಷ್ಟದ್ದು ಅಂತೇನಿಲ್ಲ. ಪಾಸಾದವರಿಗೆಲ್ಲ ಸಿಗೋ ಲೈಸೆನ್ಸ್ ಕೂಡ ಒಂದೇ.

ನನ್ನ ವಾರ್ಡ್‌ನಲ್ಲಿ ನನ್ನ ಜೊತೆಗೇ ಸೇರಿದ ಹುಡುಗಿ ಎಡಿಎನ್ ಮಾಡಿದವಳು. ಅವಳಿಗೂ ನನಗೂ ರಾತ್ರಿ 7ರಿಂದ ಬೆಳಗ್ಗೆ 7ರವರೆಗೆ ಅದೇ ಶಿಫ್ಟ್, ಗಂಟೆಗೆ ಅದೇ ಸಂಬಳ. ನನ್ನ ಗೌನ್ ಮೇಲೆ ‘ಮಾಸ್ಟರ್ಸ್’ ಅಂತ ಬರೆದಿರಲ್ಲ. ರೋಗಿಯ ಆಕ್ಸಿಜನ್ ಇಳಿದಾಗ ಯಾರು ಬೇಗ ಗಮನಿಸ್ತಾರೋ ಅವರೇ ದೊಡ್ಡ ನರ್ಸ್.

ಹಾಗಾದ್ರೆ ಆ ಪದ ಯಾರಿಗೆ ಬೇಕು?

ಇಲ್ಲಿ ಸ್ವಲ್ಪ ಮನೆ ಮಾತು. ನಾನು ನರ್ಸಿಂಗ್ ಓದ್ತೀನಿ ಅಂತ ಹಾಸನಕ್ಕೆ ಫೋನ್ ಮಾಡಿದಾಗ ಅಮ್ಮ, ‘ಅಲ್ಲ ಕಣೇ, ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ್ದು ಇದಕ್ಕಾ? ಜನ ಏನಂತಾರೆ?’ ಅಂದ್ರು. ಮಾರನೇ ದಿನ ನಾನು ‘ಅಮ್ಮ, ಇದು ಮಾಸ್ಟರ್ಸ್’ ಅಂದೆ. ಅರ್ಧ ನಿಮಿಷ ಸುಮ್ಮನಿದ್ದು, ‘ಮಾಸ್ಟರ್ಸಾ? ಹಂಗಾದ್ರೆ ಸರಿ ಬಿಡು, ಅತ್ತೆಯವರಿಗೂ ಹಂಗೇ ಹೇಳ್ತೀನಿ’ ಅಂದ್ರು.

ಇದು ನಗೋ ವಿಷಯ ಅನ್ಸುತ್ತೆ, ಆದ್ರೆ ದುಡ್ಡಿನ ವಿಷಯ. ನಮ್ಮಲ್ಲಿ ಆಸ್ಪತ್ರೆಯಲ್ಲಿ ‘ಸಿಸ್ಟರ್, ಸಿಸ್ಟರ್’ ಅಂತ ಕೈ ಮುಗಿಯೋರೇ ಮನೆಗೆ ಸೊಸೆಯಾಗಿ ಸಿಸ್ಟರ್ ಬೇಡ ಅಂತಾರೆ. ಆ ಮುಜುಗರ ತಪ್ಪಿಸಿಕೊಳ್ಳೋಕೆ ನಾವು ‘ಮಾಸ್ಟರ್ಸ್’ ಅನ್ನೋ ಪದ ಕೊಂಡ್ಕೊಳ್ತೀವಿ. ದೊಡ್ಡ ಖಾಸಗಿ ಯೂನಿವರ್ಸಿಟಿಗಳಲ್ಲಿ ಈ ಕೋರ್ಸ್‌ನ ಖರ್ಚು ಒಂದು ಲಕ್ಷ ಡಾಲರ್ ದಾಟೋದು ಅಪರೂಪವೇನಲ್ಲ. ಅದರ ಜೊತೆಗೆ ಓದೋ ಅಷ್ಟೂ ದಿನ ಸಂಬಳ ಇಲ್ಲ. ಕ್ಲಿನಿಕಲ್ ಡ್ಯೂಟಿ ಇರೋದರಿಂದ ಪಕ್ಕದಲ್ಲಿ ಐಟಿ ಕೆಲಸ ಇಟ್ಕೊಳ್ಳೋದು ಆಗದ ಮಾತು.

ಮುಂದೆ ಸಿಗೋದೆಷ್ಟು? ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇನಲ್ಲಿ ರಿಜಿಸ್ಟರ್ಡ್ ನರ್ಸ್‌ಗಳ ಮಧ್ಯಮ ವಾರ್ಷಿಕ ಸಂಬಳ 93,600 ಡಾಲರ್. ಮಧ್ಯಮ ಅಂದ್ರೆ ಅರ್ಧ ಜನಕ್ಕೆ ಇದಕ್ಕಿಂತ ಕಡಿಮೆ. ಹೊಸಬರು ಸಾಮಾನ್ಯವಾಗಿ ಆ ಅರ್ಧದಲ್ಲೇ ಇರ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು, ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಕಡಿಮೆ.

ಹಾಗಂತ ಮಾಸ್ಟರ್ಸ್ ವ್ಯರ್ಥ ಅಂತ ನಾನು ಹೇಳ್ತಿಲ್ಲ. ನಾನೇ ಮಾಡಿದ್ದೀನಲ್ಲ! ನನಗೆ ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡೋ ಆಸೆ, ಅದಕ್ಕೆ ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು. ನಮ್ಮ ಹತ್ತಿರ ಸಿಕ್ಕ ಸರ್ಕಾರಿ ಯೂನಿವರ್ಸಿಟಿಯ ಮಾಸ್ಟರ್ಸ್‌ಗೂ ಖಾಸಗಿ ಕಾಲೇಜಿನ ಬಿಎಸ್‌ಎನ್‌ಗೂ ಫೀಸಿನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ನಾನೂ ನನ್ನ ಗಂಡನೂ ಎಕ್ಸೆಲ್ ಶೀಟ್ ಹಾಕಿ, ಫೀಸು, ಬಾಡಿಗೆ, ಮಗುವಿನ ಡೇಕೇರ್, ಕೈಬಿಟ್ಟ ಸಂಬಳ ಎಲ್ಲ ಕೂಡಿಸಿ ನೋಡಿ ನಿರ್ಧಾರ ಮಾಡಿದ್ದು. ಪಾಠ ಮಾಡೋ ಆಸೆ ಇಲ್ಲದಿದ್ರೆ ನಾನು ಎಡಿಎನ್ ಸೀಟಿಗೆ ಕಾಯ್ತಿದ್ದೆ.

ಎಡಿಎನ್‌ಗೂ ಅದರದ್ದೇ ಕೊರತೆ ಇದೆ, ಅದನ್ನೂ ಹೇಳಬೇಕು. ಎಷ್ಟೋ ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಇರೋರನ್ನೇ ಮೊದಲು ಕರೀತಾರೆ. ನ್ಯೂಯಾರ್ಕ್ ರಾಜ್ಯದಲ್ಲಂತೂ ಹೊಸ ನರ್ಸ್‌ಗಳು ಹತ್ತು ವರ್ಷದೊಳಗೆ ಬ್ಯಾಚುಲರ್ಸ್ ಮುಗಿಸಬೇಕು ಅಂತ 2017ರಲ್ಲಿ ಕಾನೂನೇ ಆಯ್ತು. ಆದ್ರೆ ಆ ಓದನ್ನು ಸಂಬಳ ತಗೊಳ್ತಾ ಆನ್‌ಲೈನ್‌ನಲ್ಲಿ ಮಾಡಬಹುದು, ಕೆಲವು ಆಸ್ಪತ್ರೆಗಳು ಫೀಸಿಗೂ ನೆರವಾಗುತ್ತವೆ.

ವೀಸಾ ವಿಷಯ: ಇದನ್ನು ಸ್ಕಿಪ್ ಮಾಡಬೇಡಿ

ನಮ್ಮವರಿಗೆ ಫೀಸಿಗಿಂತ ದೊಡ್ಡ ಪ್ರಶ್ನೆ ಇದು.

ನೀವು ಎಚ್-4ನಲ್ಲಿದ್ರೆ ಓದಬಹುದು, ಕೆಲಸ ಮಾಡೋಕೆ ಇಎಡಿ ಬೇಕು. 2015ರಿಂದ ಈ ಇಎಡಿ ಮುಖ್ಯವಾಗಿ ಸಿಗ್ತಿರೋದು ಗಂಡ ಅಥವಾ ಹೆಂಡತಿಯ ಐ-140 ಅಪ್ರೂವ್ ಆಗಿರೋರಿಗೆ. ನನ್ನ ಹತ್ರ ಅದಿತ್ತು, ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಕೆಲಸ ಸೇರೋಕೆ ತೊಂದರೆ ಆಗಲಿಲ್ಲ. ಇಎಡಿ ಇಲ್ಲದವರಿಗೆ ಇನ್ನೊಂದು ಗಂಟು ಇದೆ. ಲೈಸೆನ್ಸ್ ಅರ್ಜಿಯಲ್ಲೇ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳೋ ರಾಜ್ಯಗಳಿವೆ. ಓದು ಮುಗಿಸಿ ಅಲ್ಲಿ ಸಿಕ್ಕಿಹಾಕ್ಕೊಳ್ಳೋ ಬದಲು, ನಿಮ್ಮ ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ಮೊದಲೇ ಇಮೇಲ್ ಹಾಕಿ ಕೇಳಿ.

ಬೆಂಗಳೂರಿಂದ ನೇರ ಎಫ್-1ನಲ್ಲಿ ಬರೋ ಯೋಚನೆ ಇದ್ರೆ ಇನ್ನೂ ಹುಷಾರು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಸಿಗೋ ಎರಡು ವರ್ಷದ ಹೆಚ್ಚುವರಿ ಒಪಿಟಿ ಸಾಮಾನ್ಯವಾಗಿ ನರ್ಸಿಂಗ್‌ಗೆ ಇಲ್ಲ, ಹನ್ನೆರಡು ತಿಂಗಳಷ್ಟೇ. ಆಮೇಲೆ ಎಚ್-1ಬಿ ಬೇಕಂದ್ರೆ, ಆ ಕೆಲಸಕ್ಕೆ ಬ್ಯಾಚುಲರ್ಸ್ ಡಿಗ್ರಿ ಬೇಕೇಬೇಕು ಅಂತ ಆಸ್ಪತ್ರೆ ತೋರಿಸಬೇಕು. ಎರಡು ವರ್ಷದ ಎಡಿಎನ್‌ನಲ್ಲೇ ಆರ್‌ಎನ್ ಆಗಬಹುದಲ್ಲ, ಅದಕ್ಕೇ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗೋದು ಕಷ್ಟ. ನಿಮ್ಮ ಕೈಯಲ್ಲಿ ಮಾಸ್ಟರ್ಸ್ ಇದ್ರೂ ಅವರು ನೋಡೋದು ಆ ಕೆಲಸಕ್ಕೆ ಏನು ಬೇಕು ಅನ್ನೋದನ್ನ. ಗ್ರೀನ್ ಕಾರ್ಡ್‌ನಲ್ಲಿ ನರ್ಸ್‌ಗಳಿಗೆ ಒಂದು ಹಂತದ ವಿನಾಯಿತಿ ಇದೆ ನಿಜ, ಆದ್ರೆ ಭಾರತದಲ್ಲಿ ಹುಟ್ಟಿದವರ ಕ್ಯೂ ವರ್ಷಗಟ್ಟಲೆ ಉದ್ದ ಇದೆ.

ಸಾಲದ ವಿಷಯ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಎಚ್-4, ಎಫ್-1ನವರಿಗೆ ಸಿಗಲ್ಲ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇರೋರಿಗೂ ನಿಯಮ ಬದಲಾಗಿದೆ. 2025ರಲ್ಲಿ ಆದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಸಾಮಾನ್ಯ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ದುಬಾರಿ ಕೋರ್ಸ್‌ನ ಉಳಿದ ಖರ್ಚಿಗೆ ಖಾಸಗಿ ಸಾಲವೇ ಗತಿ ಆಗಬಹುದು.

ಅಡ್ಮಿಷನ್ ಆಫೀಸಿಗೆ ಕೇಳಬೇಕಾದ ಐದು ಪ್ರಶ್ನೆ

ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

1. ಕೋರ್ಸ್ ಮುಗಿಸಿದಾಗ ನಾನು ಆರ್‌ಎನ್ ಮಾತ್ರನಾ, ನರ್ಸ್ ಪ್ರ್ಯಾಕ್ಟಿಷನರೂ ಆಗ್ತೀನಾ?

2. ನಿಮಗೆ ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ, ರಾಜ್ಯದ ನರ್ಸಿಂಗ್ ಬೋರ್ಡ್ ಒಪ್ಪಿದೆಯಾ? ಉತ್ತರ ನಂಬಿ ಸುಮ್ಮನಿರದೆ ಆಯಾ ವೆಬ್‌ಸೈಟ್‌ನಲ್ಲಿ ನೀವೇ ನೋಡಿ. 2023ರ ಜನವರಿಯಲ್ಲಿ ಫ್ಲೋರಿಡಾದ ನರ್ಸಿಂಗ್ ಸ್ಕೂಲ್‌ಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾಗಳು ಮಾರಾಟ ಆಗಿದ್ದು ಬಯಲಾಯ್ತು.

3. ಮೊದಲ ಪ್ರಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾದವರು ಶೇಕಡಾ ಎಷ್ಟು? ಸೇರಿದವರಲ್ಲಿ ಎಷ್ಟು ಜನ ಕೋರ್ಸ್ ಮುಗಿಸಿದರು? ಎರಡನ್ನೂ ಕೇಳಿ. ಕಷ್ಟಪಡೋರನ್ನು ಮಧ್ಯದಲ್ಲೇ ಕಳಿಸಿಬಿಟ್ರೆ ಮೊದಲ ಸಂಖ್ಯೆ ಚೆನ್ನಾಗೇ ಕಾಣುತ್ತೆ.

4. ಕ್ಲಿನಿಕಲ್ ಡ್ಯೂಟಿಗೆ ಆಸ್ಪತ್ರೆ ನೀವು ಹುಡುಕಿ ಕೊಡ್ತೀರಾ, ನಾನೇ ಹುಡುಕ್ಕೋಬೇಕಾ?

5. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿ, ಯಾವ ವಾರ್ಡ್‌ನಲ್ಲಿ ಕೆಲಸ ಮಾಡ್ತಿದ್ದಾರೆ?

ದುಡ್ಡು ಕಟ್ಟೋ ಮುಂಚೆ ಇನ್ನೊಂದು ಕೆಲಸ ಮಾಡಿ. ಕೆಲಸದ ಪರ್ಮಿಟ್ ಇರೋರು ನರ್ಸಿಂಗ್ ಅಸಿಸ್ಟೆಂಟ್, ಅಂದ್ರೆ ಸಿಎನ್‌ಎ, ತರಬೇತಿ ಮಾಡಿ ಕೆಲವು ತಿಂಗಳು ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ದುಡಿಯಿರಿ. ಫೆಡರಲ್ ನಿಯಮದಂತೆ ಆ ತರಬೇತಿ ಕನಿಷ್ಠ 75 ಗಂಟೆ, ಕೆಲವು ರಾಜ್ಯಗಳಲ್ಲಿ ಜಾಸ್ತಿ. ಪರ್ಮಿಟ್ ಇಲ್ಲದವರು ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗಿ ಹೋಗಿ. ಹನ್ನೆರಡು ಗಂಟೆ ನಿಂತ ಮೇಲೆ ನಿಮ್ಮ ಸೊಂಟ ಏನು ಹೇಳುತ್ತೆ, ಇನ್ನೊಬ್ಬರ ಮೈ ಒರೆಸುವಾಗ ನಿಮ್ಮ ಮನಸ್ಸು ಏನು ಹೇಳುತ್ತೆ ಅನ್ನೋದು ಯಾವ ಬ್ರೋಷರ್‌ನಲ್ಲೂ ಇರಲ್ಲ.

ಅದಾದ ಮೇಲೂ ಬೇಕು ಅನ್ಸಿದ್ರೆ ಖಂಡಿತ ಬನ್ನಿ. ನಿಮ್ಮ ರಾಜ್ಯ, ವೀಸಾ, ಕೈಯಲ್ಲಿರೋ ದುಡ್ಡು ಈ ಮೂರನ್ನೂ ಬರೆದು ಕಮೆಂಟ್‌ನಲ್ಲಿ ಹಾಕಿ, ಮುಂದಿನ ಎಪಿಸೋಡ್‌ನಲ್ಲಿ ಕೆಲವನ್ನು ತಗೊಂಡು ಲೆಕ್ಕ ಹಾಕಿ ನೋಡೋಣ. ಅಲ್ಲಿವರೆಗೂ ನಮಸ್ಕಾರ. ನನ್ನ ಶಿಫ್ಟ್‌ಗೆ ಟೈಮ್ ಆಯ್ತು.