ತಕ್ಕೋಲದಲ್ಲಿ ಸಾಯದೆ ಉಳಿದವನ ಶಾಸನ

ಚೆನ್ನೈನ ಉತ್ತರಕ್ಕೆ, ಸಮುದ್ರದ ಅಂಚಿನಲ್ಲೇ ತಿರುವೊಟ್ಟಿಯೂರು ಇದೆ. ಈ ಹೆಸರು ಕೇಳಿದರೆ ಹಲವರಿಗೆ ನೆನಪಾಗುವುದು ಎನ್‌ಫೀಲ್ಡ್ ಬೈಕಿನ ಕಾರ್ಖಾನೆ. ಭಕ್ತರಿಗೆ ನೆನಪಾಗುವುದು ತ್ಯಾಗರಾಜಸ್ವಾಮಿ ಮತ್ತು ವಡಿವುಡೈ ಅಮ್ಮನ ದೇವಸ್ಥಾನ. ಆ ದೇವಸ್ಥಾನದ ಒಂದು ಶಾಸನ ಕನ್ನಡಿಗರಿಗೂ ಸೇರಿದ್ದು. ಚೋಳರ ನೆಲದಲ್ಲಿದ್ದರೂ ಅದರ ಕಾಲವನ್ನು ಎಣಿಸಿರುವುದು ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಆಳ್ವಿಕೆಯ 20ನೆಯ ವರ್ಷವೆಂದು, ಅಂದರೆ ಸುಮಾರು ಕ್ರಿ.ಶ. 959. ತಮಿಳು ಶಾಸನಗಳು ಈ ದೊರೆಯನ್ನು ಕಂಚಿ, ತಂಜಾವೂರುಗಳನ್ನು ಗೆದ್ದ ಕನ್ನರದೇವ ಎಂದು ಕರೆಯುತ್ತವೆ.

ಶಾಸನ ಬರೆಸಿದವನು ಚತುರಾನನ ಪಂಡಿತ, ಇಲ್ಲಿನ ಶೈವ ಮಠದ ಯತಿ. ಪೂರ್ವಾಶ್ರಮದಲ್ಲಿ ಅವನು ಕೇರಳದ ವಲ್ಲಭ. ವಿದ್ಯೆಗಳನ್ನೆಲ್ಲ ಕಲಿತು ಚೋಳನಾಡಿಗೆ ಬಂದು, ಪರಾಂತಕ ಚೋಳನ ಮಗ ರಾಜಾದಿತ್ಯನ ಆಪ್ತನಾದ. 949ರಲ್ಲಿ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಚೋಳರಿಗೂ ರಾಷ್ಟ್ರಕೂಟರಿಗೂ ಯುದ್ಧವಾಯಿತು. ರಾಜಾದಿತ್ಯ ಆನೆಯ ಮೇಲೆಯೇ ಪ್ರಾಣಬಿಟ್ಟ. ಒಡೆಯನ ಜೊತೆಗೆ ಸಾಯುವ ಭಾಗ್ಯ ವಲ್ಲಭನಿಗೆ ಸಿಗಲಿಲ್ಲ. ಆ ಕೊರಗಿನಲ್ಲಿ ಲೋಕದ ಹಂಗು ಹರಿದುಕೊಂಡು, ತಿರುವೊಟ್ಟಿಯೂರಿನ ನಿರಂಜನ ಗುರುವಿನಿಂದ ದೀಕ್ಷೆ ಪಡೆದು ಚತುರಾನನನಾದ. ಹತ್ತು ವರ್ಷ ಕಳೆದ ಮೇಲೆ, ತನ್ನ ಜನ್ಮನಕ್ಷತ್ರ ಧನಿಷ್ಠೆಯ ದಿನ ದೇವರಿಗೆ ವಿಶೇಷ ಪೂಜೆ ನಡೆಯಲೆಂದು ಚಿನ್ನದ ದತ್ತಿ ಬಿಟ್ಟ. ಆ ದತ್ತಿಯ ಕಲ್ಲಿನ ಮೇಲೆ ಹಾಕಿಸಬೇಕಾಗಿ ಬಂದದ್ದು ತನ್ನ ಒಡೆಯನ ಸಾವಿಗೆ ಕಾರಣನಾದ ದೊರೆಯ ಹೆಸರನ್ನೇ. ದಕ್ಷಿಣದ ಶಾಸನಗಳಲ್ಲಿ ಯುದ್ಧ ಗೆದ್ದವರ ಹೊಗಳಿಕೆ ಬೇಕಾದಷ್ಟಿದೆ; ಬದುಕಿ ಉಳಿದವನೊಬ್ಬನ ಮನಸ್ಸು ಇಷ್ಟು ಹತ್ತಿರದಿಂದ ಕಾಣುವುದು ಅಪರೂಪ.

ಇದೇ ಯುದ್ಧದ ಇನ್ನೊಂದು ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು. ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗ ಎಂದು ಅದು ಹೇಳುತ್ತದೆ. ಚೋಳರ ತಾಮ್ರಪಟಗಳಲ್ಲಿ ಕೃಷ್ಣನ ಬಾಣಗಳ ಮಾತಿದೆ, ಬೂತುಗನ ಸುದ್ದಿಯಿಲ್ಲ. ಬೂತುಗನ ಜೊತೆ ಹೋರಾಡಿದ ವೀರ ಮಣಲೆರ. ಮೆಚ್ಚಿದ ಕೃಷ್ಣ ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆಬಿಸಿಲಿನಿಂದ ಕಲ್ಲು ಉಳಿಯಿತು, ಸಂತೋಷ. ಆದರೆ ಆತಕೂರಿನಿಂದ ಕಾಳಿ ಹೋದಳು.

ತಿರುವೊಟ್ಟಿಯೂರಿನಲ್ಲೂ ಕಲ್ಲುಗಳು ಜಾಗ ಬಿಟ್ಟವು. ಕನ್ನರದೇವನ ಹಿಡಿತ ಸಡಿಲಿದ ಮೇಲೆ ಚೋಳರು ಮತ್ತೆ ಮೇಲೆದ್ದರು. ರಾಜೇಂದ್ರ ಚೋಳನ ಕಾಲದಲ್ಲಿ ಗರ್ಭಗುಡಿಯನ್ನು ಆನೆಯ ಬೆನ್ನಿನಂತೆ ಹಿಂದುಗಡೆ ದುಂಡಾದ ಆಕಾರದಲ್ಲಿ ಕಪ್ಪು ಕಲ್ಲಿನಿಂದ ಹೊಸದಾಗಿ ಕಟ್ಟಿಸಿದರು. ಕಟ್ಟಿದ ಶಿಲ್ಪಿ ರವಿ, ವೀರಚೋಳ ತಚ್ಚನ್ ಎಂಬ ಬಿರುದಿನವನು. ಮಾಡಿಸಿದವನು ಚತುರಾನನ ಪಂಡಿತನೇ, ಅಂದರೆ ಅದೇ ಹೆಸರು ಹೊತ್ತು ಮಠದ ಗದ್ದುಗೆ ಏರಿದ ಇನ್ನೊಬ್ಬ. ಹಳೆಯ ಶಾಸನಗಳ ಹಲವು ಚಪ್ಪಡಿಗಳು ಗರ್ಭಗುಡಿಯ ಸುತ್ತಿನ ನೆಲಹಾಸಿಗೆ ಸೇರಿದವು. ಪ್ರದಕ್ಷಿಣೆ ಬರುವವರ ಕಾಲಡಿಯಲ್ಲಿ ಇತಿಹಾಸ ಸವೆಯುವುದು ನನಗಂತೂ ಸಹಿಸಲಾಗದ ಸಂಗತಿ.

ಕಾಳಿಯಂತೆ ನಾಯಿಯೊಂದರ ನೆನಪಿಗೆ ಹೆಸರಾದ ಬೆಡ್‌ಗೆಲರ್ಟ್ ಎಂಬ ಹಳ್ಳಿ ಬ್ರಿಟನ್ನಿನ ವೇಲ್ಸ್‌ನಲ್ಲಿದೆ. ತೊಟ್ಟಿಲ ಮಗುವನ್ನು ತೋಳನಿಂದ ಕಾಪಾಡಿದ ನಾಯಿಯನ್ನೇ ರಾಜಕುಮಾರ ಲಿವೆಲಿನ್ ತಪ್ಪು ತಿಳಿದು ಕೊಂದನಂತೆ. ಅದರ ಸಮಾಧಿ ನೋಡಲು ಪ್ರವಾಸಿಗರು ಹೊಲದ ದಾರಿ ಹಿಡಿದು ನಡೆದುಹೋಗುತ್ತಾರೆ. ನಮ್ಮ ಪಂಚತಂತ್ರದ ಮುಂಗುಸಿಯ ಕಥೆಯದೇ ಜಾಡು ಅದು. ಸಮಾಧಿಯ ಕಲ್ಲುಗಳನ್ನು ಇಟ್ಟವನು 18ನೆಯ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಹೋಟೆಲಿನ ಮಾಲೀಕ ಡೇವಿಡ್ ಪ್ರಿಚರ್ಡ್ ಎನ್ನುತ್ತಾರೆ. ಕಟ್ಟುಕಥೆಯ ನಾಯಿಗೆ ಅಷ್ಟು ಜನ ಹೋಗುವಾಗ, ಹೆಸರು, ಊರು, ಶಕವರ್ಷ ಎಲ್ಲವೂ ಇರುವ ಕಾಳಿಯನ್ನು ನೋಡಲು ಶಾಲಾಮಕ್ಕಳನ್ನು ನಾವು ಕರೆದೊಯ್ಯಬೇಡವೇ?

ಆತಕೂರಿನಲ್ಲಿ ಕಾಳಿಯ ಕಲ್ಲಿನ ಪಡಿಯಚ್ಚು ನಿಲ್ಲಲಿ, ತಕ್ಕೋಲದಲ್ಲೂ ತಿರುವೊಟ್ಟಿಯೂರಿನಲ್ಲೂ ಈ ಕಥೆಯನ್ನು ತಮಿಳು, ಕನ್ನಡ ಎರಡರಲ್ಲೂ ಬರೆಸಲಿ. ಅದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಚತುರಾನನನ ಶಾಸನವನ್ನು ವಿದ್ವಾಂಸ ವಿ. ರಾಘವನ್ ಓದಿ, ‘ಎಪಿಗ್ರಾಫಿಯಾ ಇಂಡಿಕಾ’ದ 27ನೆಯ ಸಂಪುಟದಲ್ಲಿ ಎಂದೋ ಅಚ್ಚು ಹಾಕಿಸಿದ್ದಾರೆ.